ಮಗಳ ಕಣ್ಣಿಗೊಂದು ದುರ್ಬೀನು

ಶೂಟಿಂಗ್ ಕ್ಲಬ್ಬಿನಲ್ಲಿ ಜೊತೆಗೆ ಆಡುವ ದಂತವೈದ್ಯರು ಮಗಳಿಗೆ ಎರವಲು ಕೊಟ್ಟಿದ್ದ ತಮ್ಮ ದುರ್ಬೀನನ್ನು ವಾಪಸ್ ಕೇಳಿದ ದಿನ ಅವಳು ಮನೆಗೆ ಬಂದವಳೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಆಗತಾನೆ ಕೆಲಸದಿಂದ ಬಂದು ಪಾದಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದೆ. ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿ ಉದ್ದನೆಯ ಮೇಜುಗಳಿವೆ, ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯಿದೆ, ಕತ್ತರಿಸುವ ಯಂತ್ರವಿದೆ. ಕುರ್ಚಿ ಎನ್ನುವ ವಸ್ತು ಮಾತ್ರ ಇಲ್ಲ. ಹಾಗಾಗಿ ಸಂಜೆ ಹೊತ್ತಿಗೆ ಪಾದಗಳು ನನ್ನವೋ ಬೇರೆ ಯಾರವೋ ಎಂಬಂತೆ ಆಗಿರುತ್ತವೆ.

"ಯಾಕೆ, ಬೈದ್ರಾ?" ಎಂದೆ ಬಕೆಟ್ಟಿನಿಂದಲೇ.

"ಬೈದಿದ್ರೆ ಚೆನ್ನಾಗಿತ್ತು. ತುಂಬಾ ಒಳ್ಳೆ ಮಾತಲ್ಲಿ ಕೇಳಿದ್ರು. ಅವರ ತಂಗಿ ಮಗ ಕ್ಲಬ್ಬಿಗೆ ಸೇರ್ತಿದಾನಂತೆ. ಅವನಿಗೆ ಬೇಕಂತೆ."

"ಅವರ ವಸ್ತು, ಅವರು ಕೇಳಿದ್ರು."

"ಗೊತ್ತಮ್ಮ. ಅದಕ್ಕೇ ಸಿಟ್ಟು ಬರ್ತಿರೋದು. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಅಂತ ಗೊತ್ತಾಗ್ತಿಲ್ಲ."

ಅವಳು ಆಡುವ ಆಟದ ಬಗ್ಗೆ ಹೇಳಬೇಕು. ಊರ ಹೊರಗಿನ ಮರಗಳ ತೋಪಿನಲ್ಲಿ ಅಲ್ಲಲ್ಲಿ ತಗಡಿನ ಇಲಿ, ಕಾಗೆ, ಮೊಲಗಳನ್ನು ನಿಲ್ಲಿಸಿರುತ್ತಾರೆ. ಪ್ರತಿಯೊಂದರ ಮೈಯಲ್ಲೂ ಒಂದು ಸಣ್ಣ ತೂತು. ನೆಲದ ಮೇಲೆ ಕೂತು ಏರ್‌ಗನ್ನಿನಿಂದ ಹೊಡೆಯಬೇಕು. ಪೆಲೆಟ್ ಎಂಬ ಪುಟ್ಟ ಗುಂಡು ಆ ತೂತಿನೊಳಗೇ ಹೋಗಿ ಹಿಂದಿನ ಪಟ್ಟಿಗೆ ಬಡಿದರೆ ಪ್ರಾಣಿ ಅಂಗಾತ ಬೀಳುತ್ತದೆ. ತಗಡಿಗೆ ಬಡಿದರೆ ಟಣ್ ಎಂದು ಅಣಕಿಸಿ ನಿಂತೇ ಇರುತ್ತದೆ. ಯಾವ ಪ್ರಾಣಿ ಎಷ್ಟು ದೂರದಲ್ಲಿದೆ ಎಂದು ಯಾರೂ ಹೇಳುವುದಿಲ್ಲ, ದೂರ ಅಳೆಯುವ ಯಂತ್ರ ತರುವಂತಿಲ್ಲ. ಗನ್ನಿನ ಮೇಲೆ ಕೂರಿಸುವ ದುರ್ಬೀನಿಗೆ ಸ್ಕೋಪ್ ಎನ್ನುತ್ತಾರೆ, ಅದರ ಪಕ್ಕದಲ್ಲಿ ಒಂದು ಚಕ್ರವಿರುತ್ತದೆ. ಅದನ್ನು ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಪ್ರಾಣಿ ಸ್ಪಷ್ಟವಾಗಿ ಕಾಣುತ್ತದೆ. ಚಕ್ರ ಎಲ್ಲಿ ನಿಂತಿತೆಂದು ನೋಡಿದರೆ ದೂರ ಎಷ್ಟೆಂದು ಗೊತ್ತಾಗುತ್ತದೆ. ದೂರದ ಲೆಕ್ಕ ತಪ್ಪಿದರೆ ಪೆಲೆಟ್ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಆಟದ ಅರ್ಧ ಜೀವ ಆ ಚಕ್ರದಲ್ಲಿದೆ.

ಅಂತರ ಕ್ಲಬ್ ಪಂದ್ಯಕ್ಕೆ ನಮ್ಮ ಕ್ಲಬ್ಬಿನಿಂದ ನಾಲ್ಕು ಜನ ಹೋಗುತ್ತಾರೆ. ಮಗಳು ಹೋದ ವರ್ಷವೂ ಅದರ ಹಿಂದಿನ ವರ್ಷವೂ ಐದನೆಯವಳು. ಐದನೆಯವರನ್ನು ಮೀಸಲು ಎನ್ನುತ್ತಾರೆ. ಮೀಸಲು ಎಂದರೆ ಉಳಿದವರ ಬ್ಯಾಗು ಕಾಯುವುದು, ಬಿದ್ದ ಇಲಿಗಳನ್ನು ದಾರ ಎಳೆದು ಎಬ್ಬಿಸುವುದು, ಫೋಟೋ ತೆಗೆಯುವಾಗ ಕ್ಯಾಮೆರಾ ಹಿಡಿಯುವುದು. ಈ ಸಲದ ಆಯ್ಕೆ ಹತ್ತಿರ ಬಂದಿತ್ತು. ಅವಳಿಗೆ ಅದು ಬೇಕಾಗಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳುವ ಹುಡುಗಿಯಲ್ಲ. ಈ ಸಲ ಕೇಳಿದ್ದಳು.

"ಅಮ್ಮ, ಒಂದು ಸ್ಕೋಪ್ ಕೊಡಿಸ್ತೀಯಾ? ಅಗ್ಗದ್ದೇ ಸಾಕು."

ಅಗ್ಗದ್ದೇ ಸಾಕು ಎಂಬ ಮಾತನ್ನು ಮಕ್ಕಳ ಬಾಯಲ್ಲಿ ಕೇಳಿದಾಗ ಆಗುವ ಸಂಕಟ ಹೆತ್ತವರಿಗೇ ಗೊತ್ತು.

ಲಾರಿ ಓಡಿಸುವ ನನ್ನ ಗಂಡ ಆಗ ಎಲ್ಲೋ ಹೆದ್ದಾರಿಯಲ್ಲಿದ್ದರು. ಫೋನಿನಲ್ಲಿ ವಿಷಯ ಹೇಳಿದೆ. ಯಾವ ಸ್ಕೋಪು, ಎಷ್ಟು ದೊಡ್ಡದು ಮಾಡಿ ತೋರಿಸಬೇಕು, ಅವಳ ಸ್ಪ್ರಿಂಗ್ ಗನ್ನಿಗೆ, ಅಂದರೆ ಸ್ಪ್ರಿಂಗಿನಿಂದ ಹೊಡೆಯುವ ಏರ್‌ಗನ್ನಿಗೆ, ಯಾವುದು ತಾಳುತ್ತದೆ ಎಂದು ಮಗಳು ನನಗೆ ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ಒಂದು ದುರ್ಬೀನಿಗೆ ಇಷ್ಟು ವಿಚಾರಣೆಯಾ? ನಿಮ್ಮಪ್ಪ ನನಗೆ ಹೆಣ್ಣು ಕೊಡುವಾಗ್ಲೂ ಇಷ್ಟು ವಿಚಾರಿಸಲಿಲ್ಲ" ಎಂದರು.

"ವಿಚಾರಿಸಿದ್ರೆ ಕೊಡ್ತಿರಲಿಲ್ಲ."

"ಅದೂ ನಿಜ. ಕೊಡಿಸಿಬಿಡು. ಮಗಳಿಗೆ ಹೇಳು, ಅಪ್ಪನೇ ಕೊಡಿಸಿದ್ದು ಅಂತ."

ಅಂಗಡಿಗೆ ಹೋದದ್ದು ಒಂದು ಮಧ್ಯಾಹ್ನ. ನಾನು ಅರ್ಧ ದಿನದ ರಜೆ ಹಾಕಿದ್ದೆ. ಸೂಪರ್‌ವೈಸರ್ ಕಾರಣ ಕೇಳಿದಾಗ ಕಣ್ಣಿನ ವಿಷಯ ಎಂದಿದ್ದೆ. ಸುಳ್ಳೇನಲ್ಲ.

ಕ್ರೀಡಾ ಸಾಮಾನಿನ ಅಂಗಡಿಯವನು ಗಾಜಿನ ಕಪಾಟಿನಿಂದ ಮೊದಲು ತೆಗೆದದ್ದು ಕೈಮುಷ್ಟಿಗಿಂತ ದಪ್ಪನೆಯ, ಹೊಳೆಯುವ ದುರ್ಬೀನು. ಒಳಗೆ ಕೆಂಪು ದೀಪ ಹತ್ತುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಹಸಿರು ದೀಪ.

"ಇದನ್ನ ನೋಡಿ ಅಮ್ಮ. ಚಂದ್ರನ ಮೇಲಿನ ಗುಳಿ ಕಾಣುತ್ತೆ."

"ಚಂದ್ರನಿಗೆ ಹೊಡೆಯೋದಿಲ್ಲ. ಇಲಿಗೆ" ಎಂದಳು ಮಗಳು. "ಇದು ಸ್ಪ್ರಿಂಗ್ ಗನ್ನಿಗೆ ತಡೆಯುತ್ತಾ?"

"ಏನಮ್ಮಾ ಹೀಗೆ ಕೇಳ್ತೀಯ? ಆನೆ ಹೊಡೆಯೋ ಬಂದೂಕಿಗೂ ತಡೆಯುತ್ತೆ."

"ಆನೆ ಬಂದೂಕಿಗೆ ತಡೆಯುತ್ತೆ ಸಾರ್. ನಮ್ಮ ಇಲಿ ಬಂದೂಕಿಗೆ ತಡೆಯುತ್ತಾ ಅಂತ ಕೇಳಿದ್ದು."

ಅವನು ನನ್ನ ಮುಖ ನೋಡಿದ. ಮಗಳೇ ತಿಳಿಸಿಕೊಟ್ಟಳು. ದೊಡ್ಡ ಬಂದೂಕು ಒಂದೇ ಕಡೆಗೆ, ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಗನ್ನು ಹಿಂದಕ್ಕೆ ಒದ್ದು, ತಕ್ಷಣ ಮುಂದಕ್ಕೂ ಜಗ್ಗುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ಸಿದ್ಧವಾದ ದುರ್ಬೀನು ಈ ಜಗ್ಗಾಟಕ್ಕೆ ಒಳಗೊಳಗೇ ಸಡಿಲಾಗಿ, ಒಂದು ದಿನ ಗುರಿ ಹಿಡಿಯಲು ಗಾಜಿನೊಳಗಿರುವ ಅಡ್ಡಗೆರೆ ಮುರಿದು ಓರೆಯಾಗಿ ನೇತಾಡುತ್ತದೆ. ಅವಳ ಮೊದಲ ದುರ್ಬೀನಿಗೆ ಆದದ್ದೇ ಅದು.

"ನನ್ನ ಸೊಂಟದ ಕಥೆ ಇದ್ದಂಗಿದೆ" ಎಂದೆ.

ಅಂಗಡಿಯವನು ನಕ್ಕು ಆ ಹೊಳೆಯುವುದನ್ನು ಒಳಗಿಟ್ಟ. ಆಮೇಲೆ ತೆಗೆದವುಗಳಲ್ಲಿ ಒಂದು ಬಹಳ ಒಳ್ಳೆಯದು. ಮಗಳು ಅದನ್ನು ಮುಟ್ಟಲೇ ಇಲ್ಲ, ದೂರದಿಂದ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ನನಗೆ ಬೆಲೆ ಕೇಳಬೇಕಾಗಿಯೂ ಬರಲಿಲ್ಲ. ಕೊನೆಗೆ ಕಪಾಟಿನ ಕೆಳಗಿನ ಖಾನೆಯಿಂದ, ಮೂಲೆ ಹರಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಂತು. ದೀಪವಿಲ್ಲ, ಹೊಳಪಿಲ್ಲ. ಪಕ್ಕದಲ್ಲಿ ಚಕ್ರವಿತ್ತು. ಸ್ಪ್ರಿಂಗ್ ಗನ್ನಿಗೆ ಆಗುತ್ತದೆಂದು ಪೆಟ್ಟಿಗೆಯ ಮೇಲೇ ಬರೆದಿತ್ತು.

"ಇದು ಓಡೋ ಮಾಲಲ್ಲ" ಎಂದ ಅಂಗಡಿಯವನು ಪ್ರಾಮಾಣಿಕವಾಗಿ. "ನೋಡೋಕೆ ಡಲ್ಲು."

"ನೋಡೋದು ಇದನ್ನಲ್ಲ ಸಾರ್, ಇದರಿಂದ" ಎಂದು ಮಗಳು ಅದನ್ನೆತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋದಳು. ಹೊಸ್ತಿಲ ಮೇಲೆ ಕೂತು, ಮೊಣಕಾಲುಗಳನ್ನು ಎತ್ತಿ, ಅವುಗಳ ಮೇಲೆ ಮೊಣಕೈ ಊರಿ, ಗನ್ನೇ ಇಲ್ಲದೆ ಗನ್ನು ಹಿಡಿದವಳ ಹಾಗೆ ಕೂತಳು. ಎದುರಿನ ಔಷಧಿ ಅಂಗಡಿಯ ಬೋರ್ಡು ನೋಡಿದಳು. ಚಕ್ರ ತಿರುಗಿಸಿ ದೀಪದ ಕಂಬದ ಮೇಲಿನ ನಂಬರು ನೋಡಿದಳು. ಮತ್ತೆ ತಿರುಗಿಸಿ ಬೀದಿ ಕೊನೆಯ ಬಸ್ ನಿಲ್ದಾಣದ ಪ್ರಕಟಣೆ ಓದಿದಳು. ದಾರಿಹೋಕರು ತಲೆ ಬಗ್ಗಿಸಿ ದಾಟತೊಡಗಿದರು.

"ಅಮ್ಮಾ, ನಿಮ್ಮ ಮಗಳು ಹಿಂಗೇ ಇನ್ನೊಂದು ಸ್ವಲ್ಪ ಹೊತ್ತು ಕೂತ್ರೆ ನನ್ನ ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಹೋಗ್ತಾರೆ."

"ಅಲ್ಲಿ ಮಾತ್ರೆ ಮಾರ್ತಾರೆ ಬಿಡಿ" ಎಂದೆ. ನನಗೆ ಅವನ ಸ್ಟೂಲು ಸಿಕ್ಕಿತ್ತು. ಅವಳು ಸಂಜೆಯವರೆಗೂ ನೋಡಲಿ ಎನ್ನಿಸುತ್ತಿತ್ತು.

ಅವಳು ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಗಾಜು ಪರವಾಗಿಲ್ಲ. ಅಂಚಲ್ಲಿ ಸ್ವಲ್ಪ ಮಬ್ಬು. ಚಕ್ರ ಸ್ವಲ್ಪ ಸಡಿಲ ಇದೆ, ಯಾವಾಗ್ಲೂ ಒಂದೇ ಕಡೆಯಿಂದ ತಿರುಗಿಸ್ಕೊಂಡು ಬಂದ್ರೆ ಆಯ್ತು. ಅದರ ಮೇಲೆ ಅಚ್ಚು ಹಾಕಿರೋ ದೂರದ ಅಂಕಿ ಎಲ್ಲಾ ಸುಳ್ಳು. ಕಂಬ ಅಷ್ಟು ಹತ್ತಿರ ಇಲ್ವೇ ಇಲ್ಲ."

"ಸುಳ್ಳು ಹೇಳೋದನ್ನ ತಗೊಳ್ತೀಯಾ?"

"ಅಗ್ಗದ್ದೆಲ್ಲಾ ಹೇಳುತ್ತೆ ಅಮ್ಮ. ಚಕ್ರದ ಸುತ್ತ ಬಿಳಿ ಟೇಪ್ ಅಂಟಿಸಿ ನಾವೇ ಅಳತೆ ಮಾಡಿ ಗುರುತು ಹಾಕ್ಕೋಬೇಕು. ಒಂದು ದಿನದ ಕೆಲಸ. ಆಮೇಲೆ ಸುಳ್ಳು ಹೇಳಲ್ಲ."

ಕೊಂಡೆವು.

ಆ ಸಂಜೆಯೇ ಮಗಳು ಬಾಲ್ಕನಿಯಲ್ಲಿ ನಿಂತು ಆಕಾಶದತ್ತ ದುರ್ಬೀನು ಹಿಡಿದು, ಕಣ್ಣಿನ ಬದಿಯ ಉಂಗುರವನ್ನು ಏನೇನೋ ತಿರುಗಿಸಿದಳು. ಚಕ್ರದ ಸುತ್ತ ಬಿಳಿ ಟೇಪನ್ನೂ ಅಂಟಿಸಿದಳು. ಅಷ್ಟರಲ್ಲಿ ಪರೀಕ್ಷೆಗಳು ಶುರುವಾದವು. ಶಾಲೆಯವರು ದಿನ ಬದಲಿಸಿ ಆಯ್ಕೆಯ ಹಿಂದಿನ ವಾರಕ್ಕೇ ತಂದು ಹಾಕಿದ್ದರು. ಗುರುತು ಹಾಕುವ ಒಂದು ದಿನ ಎಲ್ಲಿಂದ ಬರಬೇಕು? ಬೆಳಗ್ಗೆ ಅವಳು ಪುಸ್ತಕದ ಮೇಲೆ, ಸಂಜೆ ಪುಸ್ತಕದ ಮೇಲೆ. ದುರ್ಬೀನು ಬೀರುವಿನ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

ನನ್ನ ವಾರದ ರಜೆ ಬಂತು. ರಜೆಯೆಂದರೆ ನನಗೆ ಮಧ್ಯಾಹ್ನದ ನಿದ್ದೆ. ಬೇರೇನೂ ಅಲ್ಲ. ವಾರವಿಡೀ ಅದನ್ನೇ ನೆನೆಸಿಕೊಂಡು ಬದುಕುತ್ತೇನೆ. ಆ ದಿನ ಹಾಸಿಗೆ ಹಾಸಿದವಳು ಮಲಗಲಿಲ್ಲ. ಬೀರುವಿನ ಮೇಲಿನದು ಕಣ್ಣು ಕುಕ್ಕುತ್ತಿತ್ತು. ಗುರುತು ಹಾಕುವುದೇ ತಾನೆ, ನನ್ನ ಹೊಟ್ಟೆಪಾಡೇ ಅದು. ಒಂದು ಕೂದಲೆಳೆ ಆಚೀಚೆಯಾದರೆ ನೂರು ಅಂಗಿಗಳ ತೋಳು ಗಿಡ್ಡವಾಗುತ್ತವೆ. ಇಷ್ಟು ವರ್ಷಗಳಲ್ಲಿ ನನ್ನ ಗುರುತಿನಿಂದ ಒಂದು ತೋಳೂ ಗಿಡ್ಡವಾಗಿಲ್ಲ. ಮಗಳಿಗೆ ಹೇಳದೆ ದುರ್ಬೀನನ್ನು ಚೀಲಕ್ಕೆ ಹಾಕಿಕೊಂಡು, ಅಳತೆ ಟೇಪು, ಸೂಜಿಮೊನೆಯ ಪೆನ್ನು, ಹಳೇ ಪತ್ರಿಕೆ ತೆಗೆದುಕೊಂಡು ಬಸ್ಸು ಹತ್ತಿದೆ.

ತೋಪಿನಲ್ಲಿ ಯಾರೂ ಇರಲಿಲ್ಲ. ಎರಡು ಮರಗಳ ನಡುವೆ ಹಗ್ಗ ಕಟ್ಟಿ ಪತ್ರಿಕೆಯ ಹಾಳೆ ನೇತುಹಾಕಿದೆ. ಅಳತೆ ಮಾಡಿಕೊಂಡು ಹಿಂದೆ ಬಂದು, ಅಲ್ಲೇ ಬಿದ್ದಿದ್ದ ಮರಳಿನ ಮೂಟೆಯ ಮೇಲೆ ದುರ್ಬೀನಿಟ್ಟು, ನೆಲದ ಮೇಲೆ ಕೂತೆ. ಕೂರುವುದೇ ಒಂದು ಕಾರ್ಯಕ್ರಮ. ಒಂದು ಮಂಡಿ ಒಪ್ಪಿದರೆ ಇನ್ನೊಂದು ಒಪ್ಪುವುದಿಲ್ಲ. ಕಣ್ಣಿಟ್ಟು ನೋಡಿದರೆ ಒಳಗಿನ ಕಪ್ಪು ಗೆರೆಗಳು ಮಬ್ಬುಮಬ್ಬು. ಚೀಲದಲ್ಲಿ ಬರುವಾಗ ಅಲುಗಾಡಿರಬೇಕು ಎಂದುಕೊಂಡು ಕಣ್ಣಿನ ಬದಿಯ ಉಂಗುರವನ್ನು ತಿರುಗಿಸಿದೆ. ಗೆರೆಗಳು ಶಾಯಿಯಲ್ಲಿ ಎಳೆದ ಹಾಗೆ ಎದ್ದು ಬಂದವು. ಸಮಾಧಾನವಾಯಿತು. ಆಮೇಲೆ ಚಕ್ರ. ಒಂದೇ ಕಡೆಯಿಂದ ತಿರುಗಿಸುತ್ತಾ, ಪತ್ರಿಕೆಯ ಅಕ್ಷರ ಓದಲು ಬಂದ ಜಾಗದಲ್ಲಿ ನಿಲ್ಲಿಸಿ, ಗೆರೆ ಎಳೆದು, ದೂರ ಬರೆಯುವುದು. ಏಳುವುದು, ಹಾಳೆ ಇನ್ನಷ್ಟು ದೂರಕ್ಕೆ ಕಟ್ಟುವುದು, ಬಂದು ಕೂರುವುದು. ಇರುವೆಗಳು ನನ್ನ ಕಾಲನ್ನು ದಾರಿ ಮಾಡಿಕೊಂಡವು. ಪ್ರತಿ ದೂರಕ್ಕೂ ಮೂರು ಮೂರು ಸಲ ನೋಡಿದೆ, ಮೂರೂ ಸಲ ಚಕ್ರ ಅಲ್ಲೇ ಬಂದು ನಿಂತಿತು. ಕೆಲಸ ಚೊಕ್ಕವಾಗಿತ್ತು. ಹತ್ತಿರದ ಗೆರೆಗಳ ನಡುವೆ ಜಾಗ ಹೆಚ್ಚು, ದೂರ ಹೋದಂತೆ ಅವು ಒತ್ತಿಕೊಂಡು ಬರುತ್ತಿದ್ದವು. ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು.

ಸಂಜೆ ಮಗಳ ಪುಸ್ತಕದ ಮೇಲೆ ಅದನ್ನಿಟ್ಟೆ. ಅವಳು ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ನೀನು ಹಾಕಿದ್ಯಾ? ಇವತ್ತು? ನಿದ್ದೆ ಬಿಟ್ಟು?"

"ನಿದ್ದೆ ಎಲ್ಲಿಗೂ ಓಡಿಹೋಗಲ್ಲ, ನೀನು ಓದ್ಕೋ."

ಅವಳ ಕಣ್ಣು ತುಂಬಿತು. ನನಗೆ ಎಷ್ಟು ಹಿತವಾಯಿತೆಂದರೆ, ಆ ರಾತ್ರಿ ಕಾಲುನೋವೂ ಕಾಲಿಗಷ್ಟೇ ಇತ್ತು.

ಪರೀಕ್ಷೆ ಮುಗಿದ ಮರುದಿನವೇ ಆಯ್ಕೆ. ಅದರ ಮುಂಚಿನ ಸಂಜೆ ಕತ್ತಲಾಗುವಷ್ಟರಲ್ಲಿ ಅವಳು ಕ್ಲಬ್ಬಿಗೆ ಓಡಿ, ದುರ್ಬೀನನ್ನು ಗನ್ನಿಗೆ ಕೂರಿಸಿ, ಒಂದೇ ದೂರಕ್ಕೆ ಹೊಡೆದು ಸರಿಮಾಡಿ ಬಂದಿದ್ದಳು. "ಗುಂಡು ಹೇಳಿದ ಜಾಗಕ್ಕೆ ಹೋಗ್ತಿದೆ. ಗೆರೆ ಮಾತ್ರ ಯಾಕೋ ಮಬ್ಬಿದೆ, ಬೆಳಕಿರಲಿಲ್ಲ" ಎಂದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಬೆಳಗ್ಗೆ ತೋಪಿನಲ್ಲಿ ಜನ ಸೇರಿದ್ದರು. ಕ್ಲಬ್ಬಿನ ಕಾರ್ಯದರ್ಶಿಯನ್ನು ಎಲ್ಲರೂ ಸೀಟಿ ಸಾರ್ ಎನ್ನುತ್ತಾರೆ. ಸದಾ ಕೊರಳಲ್ಲಿ ಸೀಟಿ, ಮಾತಾಡುವುದಕ್ಕಿಂತ ಊದುವುದೇ ಹೆಚ್ಚು. ಆಟ ಶುರುವಾಗುವ ಮೊದಲು ಪಕ್ಕದ ಬಯಲಿನಲ್ಲಿ ಗನ್ನು ಪರೀಕ್ಷಿಸಿಕೊಳ್ಳಲು ಬಿಡುತ್ತಾರೆ. ಅಲ್ಲಿ ಗೊತ್ತಾದ ದೂರಗಳಲ್ಲಿ ಹಲಗೆಗಳನ್ನು ನಿಲ್ಲಿಸಿ, ಎಷ್ಟು ಮೀಟರ್ ಎಂದು ಬರೆದಿರುತ್ತಾರೆ. ನಾನು ಹಗ್ಗದ ಹಿಂದೆ, ಚೀಲದ ಮೇಲೆ ಕೂತೆ.

ಮಗಳು ಕಣ್ಣಿಟ್ಟಳು. ತೆಗೆದಳು. ಗಾಜು ಒರೆಸಿದಳು. ಕಣ್ಣಿನ ಬದಿಯ ಉಂಗುರವನ್ನು ತಿರುಗಿಸಿ ಮತ್ತೆ ಕಣ್ಣಿಟ್ಟು, ಈಗ ಸರಿಯಾಯಿತೆಂಬಂತೆ ತಲೆಯಾಡಿಸಿದಳು. ಚಕ್ರ ತಿರುಗಿಸಿದಳು. ಚಕ್ರದ ಗೆರೆ ನೋಡಿದಳು, ಹಲಗೆಯ ಅಂಕಿ ನೋಡಿದಳು. ಮುಂದಿನ ಹಲಗೆ. ಅದರ ಮುಂದಿನದು. ನಂತರ ಗನ್ನನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಡೆ ಬಂದಳು.

"ಅಮ್ಮ. ಈ ಹಿಂದಿನ ಉಂಗುರ ನೀನು ತಿರುಗಿಸಿದ್ಯಾ?"

"ಗೆರೆ ಮಬ್ಬಿತ್ತಲ್ಲ. ಸರಿ ಮಾಡ್ದೆ."

"ಯಾರ ಕಣ್ಣಿಗೆ?"

ನಾನು ಬಾಯಿ ತೆರೆದೆ. ಉತ್ತರ ಅಷ್ಟರಲ್ಲೇ ತಿಳಿದುಹೋಯಿತು. ಓದಲು ಕನ್ನಡಕ ಹಾಕುವವಳು ನಾನು. ಆ ದಿನ ದುರ್ಬೀನಿಗೆ ಕಣ್ಣಿಡುವಾಗಲೆಲ್ಲ ಕನ್ನಡಕ ತೆಗೆದು, ನನ್ನ ಬರಿಗಣ್ಣಿಗೆ ಹೊಂದುವಂತೆ ಉಂಗುರ ತಿರುಗಿಸಿ ಅಷ್ಟೂ ಗುರುತು ಹಾಕಿದ್ದೆ.

"ಆ ಉಂಗುರ ಕನ್ನಡಕ ಇದ್ದಂಗೆ ಅಮ್ಮ. ಒಬ್ಬರದ್ದು ಒಬ್ಬರಿಗೆ ಆಗಲ್ಲ. ನಾನು ಬಾಲ್ಕನೀಲಿ ನನ್ನ ಕಣ್ಣಿಗೆ ಕೂರಿಸಿದ್ದೆ. ಅದು ಬದಲಾದ್ರೆ ಚಕ್ರದ ಲೆಕ್ಕ ಎಲ್ಲಾ ಬದಲಾಗುತ್ತೆ. ಮೂವತ್ತು ಮೀಟರಿಂದು ಮೂವತ್ತೈದು ಅಂತ ತೋರಿಸ್ತಿದೆ. ನಲವತ್ತರದ್ದು ಟೇಪಿಂದ ಆಚೆಗೇ ಹೋಗಿದೆ."

"ಮತ್ತೆ ಆ ಕಡೆ ತಿರುಗಿಸು. ನಾನು ಇಟ್ಟಿದ್ದ ಹಾಗೆ."

"ಆಗ ನನಗೆ ಗೆರೆ ಕಾಣಲ್ಲ. ಗೆರೆ ಕಾಣದೆ ಎಲ್ಲಿಗೆ ಹೊಡೀಲಿ?" ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. "ನಾನು ಕೇಳಿದ್ನಾ ಅಮ್ಮ? ಗುರುತು ಹಾಕಿಕೊಡು ಅಂತ ಕೇಳಿದ್ನಾ?"

"ಇಲ್ಲ."

"ಒಂದು ಮಾತು ಕೇಳ್ಬಹುದಿತ್ತು."

"ಕೇಳಬಹುದಿತ್ತು."

ಪಕ್ಕದಲ್ಲೇ ಇದ್ದ ದಂತವೈದ್ಯರು ಕೇಳಿಸಿಕೊಂಡಿರಬೇಕು. ಹತ್ತಿರ ಬಂದು, "ಏನಮ್ಮಾ, ತೊಂದರೆಯಾ? ಬೇಕಾದ್ರೆ ನಮ್ಮ ಹುಡುಗಂದು ಬಿಚ್ಚಿಕೊಡ್ತೀನಿ, ಇವತ್ತೊಂದು ದಿನಕ್ಕೆ" ಎಂದರು. ಅವರ ತಂಗಿಯ ಮಗ ಅಷ್ಟು ದೂರದಲ್ಲಿ ನಿಂತು ಮಾವನನ್ನು ಕೊಲ್ಲುವಂತೆ ನೋಡಿದ.

"ಬೇಡ ಡಾಕ್ಟ್ರೇ. ಬಿಚ್ಚಿ, ಕೂರಿಸಿ, ಗುಂಡು ಎಲ್ಲಿ ಹೋಗುತ್ತೆ ನೋಡೋ ಹೊತ್ತಿಗೆ ಆಟ ಮುಗಿದಿರುತ್ತೆ" ಎಂದಳು ಮಗಳು. ನಂತರ ನನ್ನ ಕಡೆ ತಿರುಗಿ, "ಚಾಕ್ ಇದೆಯಾ ನಿನ್ನ ಹತ್ರ?" ಎಂದಳು.

ಬಟ್ಟೆಗೆ ಗುರುತು ಹಾಕುವ ಬಳಪ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಆದರೆ ಬಿಳಿ ಟೇಪಿನ ಮೇಲೆ ಬಿಳಿ ಬಳಪ ಏನು ಮಾಡೀತು? ಪೆನ್ನು ಸಿಕ್ಕಿತು. ಅವಳು ಹಳೆಯ ಟೇಪನ್ನು ಉಗುರಿನಿಂದ ಕಿತ್ತಳು. ಒಂದು ಮಧ್ಯಾಹ್ನದ ಕೆಲಸ ಸಿಂಬೆ ಸುತ್ತಿಕೊಂಡು ಹುಲ್ಲಿನ ಮೇಲೆ ಬಿತ್ತು. ಸೀಟಿ ಸಾರ್ ಮೇಜಿನ ಮೇಲಿದ್ದ ಬಿಳಿ ಟೇಪು ತಂದು ಕೈಗಿತ್ತು, "ಬೇಗ" ಎಂದರು. ಅಲ್ಲಿಯವರೆಗೆ ಸೀಟಿ ಇಲ್ಲದೆ ಅವರು ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಅವಳು ಕೂತು ಕಣ್ಣಿಟ್ಟಳು. ನಾನು ಪಕ್ಕದಲ್ಲಿ ಮಂಡಿಯೂರಿದೆ. ಚಕ್ರ ಅವಳ ಕೈಯಲ್ಲಿ ತಿರುಗುತ್ತಾ ಬಂದು ನಿಲ್ಲುತ್ತಿತ್ತು.

"ಹಾಕು."

ಗೆರೆ ಎಳೆದು ದೂರ ಬರೆಯುತ್ತಿದ್ದೆ.

"ಹಾಕು. ಅಲ್ಲಲ್ಲ, ತಡಿ. ಹಿಂದಕ್ಕೆ ಹೋಗಿ ಬರ್ತೀನಿ. ಹಾಂ, ಹಾಕು."

ಹತ್ತಿರದವು ಆದವು. ನಡುವಿನವು ಆದವು. ನನಗೆ ಚಕ್ರದಲ್ಲಿ ಕಾಣುತ್ತಿತ್ತು, ಅವಳ ಗೆರೆಗಳು ನನ್ನ ಗೆರೆಗಳಿಗಿಂತ ಬೇರೆಯ ಜಾಗದಲ್ಲಿ, ಬೇರೆಯ ಅಂತರದಲ್ಲಿ ಕೂರುತ್ತಿದ್ದವು. ಒಂದೇ ದೂರ, ಒಂದೇ ಗಾಜು. ದೂರದ ಎರಡು ಹಲಗೆಗಳು ಉಳಿದಿದ್ದಾಗ ಸೀಟಿ ಕೂಗಿತು.

"ಸಾರ್, ಎರಡೇ ಎರಡು" ಎಂದೆ.

ಅವರು ತಲೆ ತಗ್ಗಿಸಿ ಇನ್ನೊಂದು ಸಲ ಊದಿದರು. ಉಳಿದವರೆಲ್ಲ ಸಾಲಿನಲ್ಲಿ ನಿಂತಾಗಿತ್ತು.

"ಬಿಡಮ್ಮ" ಎಂದಳು ಮಗಳು. "ದೂರದ್ದನ್ನ ಊಹೆ ಮಾಡ್ತೀನಿ."

ಹಗ್ಗದ ಹಿಂದೆ ನಿಂತು ನೋಡುವವರು ಮಾತಾಡುವಂತಿಲ್ಲ. ಅವಳು ಒಂದೊಂದು ಜಾಗಕ್ಕೆ ಹೋಗಿ ಕೂತು, ಚಕ್ರ ತಿರುಗಿಸಿ, ಉಸಿರು ಹಿಡಿದು ಹೊಡೆಯುವುದನ್ನು ದೂರದಿಂದ ಹಿಂಬಾಲಿಸಿದೆ. ಹತ್ತಿರದ ಇಲಿಗಳು ಬಿದ್ದವು. ಪೊದೆಯೊಳಗಿನ ಕಾಗೆ ಬಿತ್ತು. ತೋಪಿನ ಆಚೆ ತುದಿಯಲ್ಲಿ ಒಂದು ಮೊಲವಿತ್ತು. ಅವಳು ಬಹಳ ಹೊತ್ತು ಚಕ್ರ ಹಿಂದೆ ಮುಂದೆ ಮಾಡಿದಳು. ಟೇಪಿನ ಬರಿಯ ಭಾಗದಲ್ಲಿ ಅವಳ ಬೆರಳು ನಿಂತಿದೆಯೆಂದು ಹಗ್ಗದ ಹಿಂದಿನಿಂದಲೇ ಊಹಿಸಿದೆ. ಟಣ್. ಮೊಲ ನಿಂತೇ ಇತ್ತು. ಎರಡನೆಯ ಮೊಲಕ್ಕೆ ಇನ್ನಷ್ಟು ಎತ್ತರಕ್ಕೆ ಹಿಡಿದಿರಬೇಕು. ಅದು ಬಿತ್ತು. ಮೂರನೆಯದಕ್ಕೆ ಮತ್ತೆ ಟಣ್. ಪ್ರತಿ ಸಲ ಆ ಸದ್ದು ಬಂದಾಗಲೂ ಅವಳು ನನ್ನ ಕಡೆ ತಿರುಗದೆ ಇರಲು ಪ್ರಯತ್ನ ಮಾಡುತ್ತಿದ್ದಳು. ಆ ಪ್ರಯತ್ನ ಹಗ್ಗದ ಆಚೆಯಿಂದಲೂ ಕಾಣುತ್ತಿತ್ತು.

ನನ್ನ ಕಾಲುಗಳ ಬಗ್ಗೆ ಅಂದು ನನಗೆ ಏನೂ ನೆನಪಿಲ್ಲ.

ಸಂಜೆ ಹತ್ತಿರವಾದಾಗ ಸೀಟಿ ಸಾರ್ ನಾಲ್ಕು ಜನರನ್ನು ಕರೆದರು. ದಂತವೈದ್ಯರು ಮೊದಲನೆಯವರು. ನಾಲ್ಕನೆಯವನು ಅವರ ತಂಗಿಯ ಮಗ. ಕ್ಲಬ್ಬಿಗೆ ಹೊಸಬ. ಮಗಳು ಅವನಿಗಿಂತ ಒಂದೇ ಒಂದು ಪ್ರಾಣಿ ಕಡಿಮೆ ಬೀಳಿಸಿದ್ದಳು. ನಿಂತೇ ಉಳಿದ ಮೊಲಗಳೆಲ್ಲ ನನ್ನ ಕಣ್ಣ ಮುಂದಿದ್ದವು. ಅವುಗಳಲ್ಲಿ ಎರಡು ಬಿದ್ದಿದ್ದರೆ ಸಾಕಾಗಿತ್ತು.

"ಮೀಸಲಿಗೆ," ಎಂದು ಸೀಟಿ ಸಾರ್ ಅವಳತ್ತ ನೋಡಿದರು. ಅವಳು ಕೈಯೆತ್ತಿದಳು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ.

ಹುಡುಗ ಬಂದು, "ಅಕ್ಕಾ, ನಿಮ್ಮ ಹೊಸ ಸ್ಕೋಪ್ ಹೇಗಿದೆ?" ಎಂದು ಕೇಳಿದ. ಪಾಪ, ಏನಾದರೂ ಮಾತಾಡಬೇಕಲ್ಲ ಎಂದು.

"ಚೆನ್ನಾಗಿದೆ. ತಪ್ಪೆಲ್ಲ ಅದರದ್ದಲ್ಲ" ಎಂದಳು. "ನಿಂದು ನೋಡ್ಕೋ, ಮೇಲಿನ ತಿರುಪು ಸ್ವಲ್ಪ ಗಟ್ಟಿ ಇರುತ್ತೆ, ಜೋರು ಮಾಡ್ಬೇಡ. ಎರಡು ವರ್ಷ ನಾನೇ ಹಾಗೆ ಮಾಡಿ ಬೈಸ್ಕೊಂಡಿದೀನಿ."

ಜನ ಕರಗಿದರು. ಅವಳು ಗನ್ನನ್ನು ಚೀಲಕ್ಕೆ ಹಾಕಲಿಲ್ಲ, ಹುಲ್ಲಿನ ಮೇಲೆ ಕೂತೇ ಇದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಏನು ಹೇಳಬೇಕೆಂದು ಬಸ್ಸಿನ ಹಾದಿಯುದ್ದಕ್ಕೂ ಯೋಚಿಸಿ ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಈಗಲೇ ಬಾಯಿಗೆ ಬಂತು.

"ನನ್ನಿಂದ ಹೋಯ್ತು ನಿಂದು."

ಅವಳು ಹುಲ್ಲು ಕೀಳುತ್ತಿದ್ದಳು. ಇಲ್ಲ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ಇಲ್ಲ ಎಂದಿದ್ದರೆ ಇಬ್ಬರೂ ಸುಳ್ಳಿನ ಜೊತೆ ಮನೆಗೆ ಹೋಗಬೇಕಾಗಿತ್ತು.

"ನಿನ್ನ ಕಣ್ಣಿಗೆ ಎಲ್ಲಾ ಸರಿಯಾಗೇ ಇತ್ತಮ್ಮ" ಎಂದಳು. "ನೀನೇ ಆಡಿದ್ದಿದ್ರೆ ತಂಡಕ್ಕೆ ಬರ್ತಿದ್ದೆ."

"ನಾನು ಕೂತ್ರೆ ಎಬ್ಬಿಸೋಕೆ ನಾಲ್ಕು ಜನ ಬೇಕು."

"ತಂಡದಲ್ಲಿ ನಾಲ್ಕೇ ಜನ ಇರೋದು. ಸರಿಹೋಯ್ತಲ್ಲ."

ನಕ್ಕಿದ್ದು ನಾನೊಬ್ಬಳೇ. ಅವಳ ತುಟಿ ಮಾತ್ರ ಒಂದು ಕಡೆಗೆ ಹೋಗಿ ಬಂತು.

"ಮೀಸಲಿನವರು ಆಡಬೇಕಾಗಿ ಬರೋದು ಉಂಟಾ?" ಎಂದೆ.

"ಯಾರಿಗಾದ್ರೂ ಜ್ವರ ಬಂದ್ರೆ."

"ಹಲ್ಲುನೋವು ಬಂದ್ರೆ?"

"ತಂಡದಲ್ಲೇ ಡಾಕ್ಟ್ರಿದ್ದಾರಲ್ಲ." ಅವಳು ಎದ್ದು ಸೀರೆಯ ಧೂಳು ಕೊಡವುವ ಮುದುಕಿಯ ಹಾಗೆ ಪ್ಯಾಂಟು ಕೊಡವಿಕೊಂಡಳು. "ಆಡ್ಲಿ ಬಿಡ್ಲಿ, ಆ ಎರಡು ದೂರ ಇವತ್ತೇ ಹಾಕ್ಕೊಂಡು ಹೋಗ್ಬೇಕು. ಬರಿ ಟೇಪು ನೋಡೋಕಾಗ್ತಿಲ್ಲ ನನಗೆ. ನಿಂಗೆ ಸುಸ್ತಾಗಿದ್ರೆ ಹೋಗಿರು."

ಸುಸ್ತಾಗಿತ್ತು. ಮನೆಯಲ್ಲಿ ಒಗೆಯುವ ಬಟ್ಟೆ ಬಿದ್ದಿತ್ತು, ಬೆಳಗ್ಗೆ ಪಾಳಿ ಇತ್ತು. ಚೀಲದಿಂದ ಪೆನ್ನು ತೆಗೆದೆ.

ಸೀಟಿ ಸಾರ್ ಬೀಗದ ಕೈ ಹಿಡಿದು ಗೇಟಿನ ಬಳಿ ನಿಂತು, ಆಗಲಿ ಎನ್ನುವಂತೆ ಸೀಟಿಯನ್ನು ಬಾಯಿಂದ ಕೆಳಗಿಳಿಸಿದರು. ಬಯಲಿನಲ್ಲಿ ಹಲಗೆಗಳು ಹಾಗೇ ಇದ್ದವು. ಮಗಳು ಮೊದಲಿನ ಜಾಗದಲ್ಲಿ ಕೂತು, ಕಣ್ಣಿನ ಬದಿಯ ಉಂಗುರದ ಸುತ್ತ ಒಂದು ತುಂಡು ಟೇಪು ಬಿಗಿದಳು, ಅದು ಅಲುಗಾಡದಂತೆ. ಆ ಕೆಲಸವನ್ನು ನನ್ನ ಮುಂದೆಯೇ, ನನ್ನ ಕಡೆ ನೋಡದೆ ಮಾಡಿದಳು. ನಂತರ ಚಕ್ರ.

"ಹಾಕು."

ಹಾಕಿದೆ. ಕೊನೆಯ ಹಲಗೆಗೆ ಬಹಳ ಹೊತ್ತು ಹಿಡಿಯಿತು. ಬೆಳಕು ಮರಗಳ ಹಿಂದೆ ಹೋಗುತ್ತಿತ್ತು. ಚಕ್ರ ಹಿಂದಕ್ಕೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಅವಳು ಕಣ್ಣು ತೆಗೆದು ಉಜ್ಜಿಕೊಂಡಳು.

"ಗೊತ್ತಾಗ್ತಿಲ್ಲ. ಒಂದ್ಸಲ ನೀನು ನೋಡ್ತೀಯಾ?"

ನೋಡಬೇಕೆನಿಸಿತು. ಕೈ ದುರ್ಬೀನಿನ ಕಡೆ ಹೋಗಿಯೂ ಇತ್ತು.

"ಬೇಡ" ಎಂದೆ. "ನೀನೇ ನೋಡು. ನಿಧಾನಕ್ಕೆ ನೋಡು."

ಅವಳು ಮತ್ತೆ ಕಣ್ಣಿಟ್ಟಳು. ನಾನು ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡು, ಅವಳು ಹೇಳುವವರೆಗೆ ಚಕ್ರದ ಪಕ್ಕ ಕಾದೆ.